ಒಡಪು ಕೇಳುವ ಪ್ರೋಗ್ರಾಮ್

ಆ ಸಂಜೆ ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ. ನನ್ನ ಗಂಡ ಅಡುಗೆಮನೆಯ ಹೊಸ್ತಿಲ ಪಕ್ಕ ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದರು. ತಾವು ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡುವುದು ಅವರ ಅಭ್ಯಾಸ. ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ನಿಲ್ಲಿಸಿ, ಸೀಟಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದುತ್ತಿದ್ದರು.

“ಹೊಸ್ತಿಲ ಕಡೆ ಕುಂಡ್ರಬ್ಯಾಡ್ರಿ” ಎಂದೆ.

“ಹೊಸ್ತಿಲ ಮ್ಯಾಲ ಎಲ್ಲಿ ಕುಂತೇನಿ? ಬಾಜೂಕ ಕುಂತೇನಿ. ನೀ ನಿನ್ನ ಬೆಂಡಿಕಾಯಿ ನೋಡು, ಕೈ ಬಟ್ಟ ಕೊಯ್ಕೊಂಡೀ.” ಸ್ವಲ್ಪ ಹೊತ್ತಿನ ಮೇಲೆ, “ನಿನ್ನ ಪ್ರೋಗ್ರಾಮ್ ತಯಾರಾತು. ಹೆಸರ ಹಾಕಿದ್ರ ಒಳಗ, ಇಲ್ಲಂದ್ರ ಹೊರಗ” ಎಂದರು.

“ಹಂಗಾರ ನಾ ಹೊರಗ ಇರ್ತೀನಿ ಬಿಡ್ರಿ” ಎಂದೆ.

ಅದು ನಮ್ಮ ಮೂಡಲಗಿಯ ಮನೆ. ನಾವು ಇಬ್ಬರೇ, ಮಕ್ಕಳಿಲ್ಲ. ಅಂಥ ಸಂಜೆ ಅದೇ ಕೊನೆಯದು. ಅದರ ಬಗ್ಗೆ ಹೇಳುವ ಮೊದಲು ಆ ಪ್ರೋಗ್ರಾಮ್ ಎಲ್ಲಿಂದ ಬಂತು ಎಂದು ಹೇಳಬೇಕು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಏನೋ ಆಗುತ್ತದೆ ಎಂಬ ಹೆದರಿಕೆ ಈಗ ಯಾರಿಗೂ ಇಲ್ಲ. ನಾಲಿಗೆಗೆ ಆ ರೂಢಿ ಇಲ್ಲ, ಅಷ್ಟೆ. ಹೇಳಲೇಬೇಕಾದ ದಿನಗಳೆಂದರೆ ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು. ಹೊಸ ಸೊಸೆ ಬಾಗಿಲಿಗೆ ಬಂದಾಗ ನಾದಿನಿಯರು ಕೈ ಅಡ್ಡ ಹಿಡಿದು ನಿಲ್ಲುತ್ತಾರೆ. ಗಂಡನ ಹೆಸರು ಸೇರಿಸಿ ಒಡಪು ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಒಡಪು ಎಂದರೆ ಪ್ರಾಸದ ಎರಡು ಸಾಲು, ಅದರ ನಡುವೆ ಎಲ್ಲೋ ಗಂಡನ ಹೆಸರು. ನಾನು ಮದುವೆಯ ದಿನ ಹೇಳಿದ್ದು ಹುಕ್ಕೇರಿಯ ನನ್ನ ತವರಿನಲ್ಲಿ ಅವ್ವ ಕಟ್ಟಿ ಕಲಿಸಿದ್ದು. “ಗೋಕಾಕ ಪ್ಯಾಟ್ಯಾಗ ಕರದಂಟಿನ ಕಟ್ಟು” ಎಂದು ಮೊದಲ ಸಾಲು. “ರಾಯರು ಬಂದ್ರು ಬಿಳೀ ಅಂಗಿ ತೊಟ್ಟು” ಎಂದು ಎರಡನೆಯದು. ರಾಯರು ಎನ್ನುವುದಕ್ಕೆ ಮೊದಲು ಅವರ ಹೆಸರು. ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದೆನೆಂದು ನಾದಿನಿ ಎರಡು ಸಲ ಹೇಳಿಸಿದಳು. ಅಲ್ಲಿಂದ ಮುಂದೆ ಅವರು ನನಗೆ ‘ರೀ’ ಆದರು, ಬೇರೆಯವರ ಮುಂದೆ ‘ಇವರು’ ಆದರು. ಮನೆಯಲ್ಲಿ ಹೆಸರಿನ ಅಗತ್ಯವೇ ಬರಲಿಲ್ಲ.

ಅವರು ಗೋಕಾಕದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಬೆಳಿಗ್ಗೆ ಕಾಲೇಜು ಹುಡುಗರು. ಮಧ್ಯಾಹ್ನ ಮನೆಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳ ಬ್ಯಾಚು. ಆಪರೇಟರ್ ಕೆಲಸ ಸಿಕ್ಕೀತೆಂದು ಬರುವವರು ಕೆಲವರು, ಮಕ್ಕಳ ಪಾಠ ತಮಗೂ ತಿಳಿಯಲಿ ಎಂದು ಬರುವವರು ಕೆಲವರು. ನಾನು ಪಿಯುಸಿವರೆಗೆ ಓದಿದವಳು. ಯಾವ ಪಾಠವನ್ನೇ ಆಗಲಿ ಅವರು ಮೊದಲು ಮನೆಯಲ್ಲಿ ನನಗೆ ಹೇಳಿ ನೋಡುತ್ತಿದ್ದರು.

“ನಿನಗ ತಿಳದ್ರ ಎಲ್ಲಾರಿಗೂ ತಿಳಿತೈತಿ.”

“ಅಂದ್ರ ಎಲ್ಲಾರಕಿಂತ ದಡ್ಡಿ ನಾನಽ ಅಂದಂಗಾತು.”

“ಹಂಗಲ್ಲ. ನೀ ತಿಳೀಲಿಲ್ಲಂದ್ರ ತಿಳೀಲಿಲ್ಲ ಅಂತಿ. ಹುಡುಗೂರು ತಿಳೀದಿದ್ರೂ ಗೋಣ ಹಾಕ್ತಾರ.”

ಹೀಗೆ ರೊಟ್ಟಿ ಬಡಿಯುತ್ತ, ಅಕ್ಕಿ ಆರಿಸುತ್ತ ನಾನು ಕಲಿತೆ. ಅಕ್ಷರಗಳನ್ನು ಎರಡು ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ ಅದು ಪಠ್ಯ. ಯಂತ್ರ ಅದರ ಅರ್ಥ ನೋಡುವುದಿಲ್ಲ, ಇದ್ದಂತೆ ಇಟ್ಟುಕೊಳ್ಳುತ್ತದೆ. ಅದರ ಮೊದಲ ಅಕ್ಷರದ ಸಂಖ್ಯೆ ಒಂದಲ್ಲ, ಸೊನ್ನೆ ಎಂದಾಗ ನಾನು ಒಪ್ಪಲಿಲ್ಲ.

“ಮೂಡಲಗಿ ಸ್ಟ್ಯಾಂಡಿನ್ಯಾಗ ಬಸ್ ಹತ್ತಿದಿ, ಇನ್ನೂ ಬಸ್ ಬಿಟ್ಟಿಲ್ಲ. ಎಷ್ಟು ದೂರ ಬಂದಿ?” ಎಂದು ಕೇಳಿದರು.

“ಎಲ್ಲಿ ಬಂದೇನ್ರಿ? ಅಲ್ಲೇ ಕುಂತೇನಿ.”

“ಅದಽ ಸೊನ್ನಿ. ಎಷ್ಟನೇದು ಅಂತ ಅದು ಕೇಳೂದಿಲ್ಲ. ಮೊದಲಿಂದ ಎಷ್ಟು ದೂರ ಅಂತ ಕೇಳತೈತಿ.”

ಇನ್ನೊಂದು ದಿನ ಹುಕ್ಕೇರಿಯಲ್ಲಿ ಎಷ್ಟು ಅಕ್ಷರ ಎಂದು ಕೇಳಿದರು. ಮೂರು ಎಂದೆ. ಯಂತ್ರ ಎಂಟು ಎಂದಿತು. ನನ್ನ ತವರೂರಿನ ಲೆಕ್ಕ ನನಗೇ ತಪ್ಪಿಸುತ್ತದೆಯೇ ಎಂದು ಸಿಟ್ಟು ಬಂತು. ಅವರು ಬಿಡಿಸಿ ತೋರಿಸಿದರು: ಹಕಾರ ಬೇರೆ, ಅದರ ಕೊಂಬು ಬೇರೆ, ಕಕಾರ, ಒತ್ತು ಕೊಡುವ ಗುರುತು, ಮತ್ತೊಂದು ಕಕಾರ, ಅದರ ದೀರ್ಘ, ರಕಾರ, ಅದರ ಗುಡಿಸು. ನಾವು ಬಾಯಲ್ಲಿ ಕೂಡಿಸಿ ಹೇಳುವುದನ್ನು ಅದು ಬೇರೆ ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಖಾಲಿ ಜಾಗವನ್ನೂ ಒಂದು ಅಕ್ಷರವೆಂದೇ ಎಣಿಸುತ್ತದೆ.

ಪಠ್ಯಕ್ಕೆ ಪಠ್ಯ ಕೂಡಿಸುವ ಪಾಠ ಬಂದಾಗ ಅವರು ನನ್ನ ಒಡಪನ್ನೇ ತೆಗೆದುಕೊಂಡರು. ಪ್ರೋಗ್ರಾಮ್ ಹೆಸರು ಕೇಳುತ್ತದೆ. ಮೊದಲ ಸಾಲು, ಟೈಪ್ ಮಾಡಿದ ಹೆಸರು, ಎರಡನೆಯ ಸಾಲು, ಈ ಮೂರು ತುಂಡು ಕೂಡಿಸಿ ಪರದೆಯ ಮೇಲೆ ಒಡಪು ತೋರಿಸುತ್ತದೆ. ನಡುವೆ ಖಾಲಿ ಜಾಗವನ್ನು ನಾವೇ ಹಾಕಬೇಕು, ಇಲ್ಲದಿದ್ದರೆ ಹೆಸರು ಹೋಗಿ ರಾಯರಿಗೆ ಅಂಟಿಕೊಳ್ಳುತ್ತದೆ. ಬೆಳಗಿನ ಹುಡುಗರು ಒಬ್ಬರ ಹೆಸರು ಒಬ್ಬರು ಹಾಕಿ ನಕ್ಕು ಮಾಡಿ ಮುಗಿಸಿದರಂತೆ. ಮಧ್ಯಾಹ್ನದ ಬ್ಯಾಚಿನಲ್ಲಿ ಮಾತ್ರ ಒಬ್ಬರದೂ ಸರಿ ಬರಲಿಲ್ಲ. ಎಲ್ಲರ ಪರದೆಯ ಮೇಲೂ ರಾಯರು ಬಿಳಿ ಅಂಗಿ ತೊಟ್ಟು ಬಂದಿದ್ದರು, ಆದರೆ ಯಾವ ರಾಯರು ಎಂಬುದೇ ಇರಲಿಲ್ಲ.

ಅವರು ಮನೆಗೆ ಬಂದು ಚಹಾ ಆರುವವರೆಗೂ ಆ ಸಾಲುಗಳನ್ನೇ ನೋಡುತ್ತ ಕುಳಿತರು. ಕೂಡಿಸುವಾಗ ಹೆಸರು ಎಲ್ಲಿ ಕಳೆಯುತ್ತಿದೆ ಎಂದು ಅವರ ಚಿಂತೆ.

“ಹುಡುಗೂರ ಬ್ಯಾಚಿನ್ಯಾಗ ಸರಿ ಬಂತಲ್ರಿ?” ಎಂದೆ.

“ಬಂತು. ಹೆಣ್ಣಮಕ್ಕಳ ಬ್ಯಾಚಿನ್ಯಾಗ ಅಷ್ಟಽ ಕೆಟ್ಟೈತಿ.”

ನನಗೆ ನಗು ತಡೆಯಲಾಗಲಿಲ್ಲ. “ಪ್ರೋಗ್ರಾಮ್ ಕೆಟ್ಟಿಲ್ರಿ. ಅವರು ಹೆಸರಽ ಹಾಕಿಲ್ಲ. ಬರೇ ಎಂಟರ್ ಒತ್ಯಾರ.”

“ಟೈಪ್ ಮಾಡಿದ್ರ ಬಾಯಿಲೆ ಹೇಳಿದಂಗೇನು?”

“ಬಾಜೂಕಿನಾಕಿ ನೋಡ್ತಾಳಲ್ರಿ.”

ಅವರು ಪರದೆ ಬಿಟ್ಟು ನನ್ನ ಕಡೆ ತಿರುಗಿದರು. ಆಮೇಲೆ, “ನೀ ಇದ್ರೂ ಹಿಂಗಽ ಮಾಡ್ತಿದ್ದೀ?” ಎಂದರು. ನಾನು ಆರಿದ ಚಹಾ ಬಿಸಿ ಮಾಡಲು ಎತ್ತಿಕೊಂಡು ಹೋದೆ. ಅವರಿಗೆ ಉತ್ತರ ತಿಳಿಯಿತು.

ಮರುದಿನ ಇಫ್ ಪಾಠ ಶುರುವಾಯಿತು. ಒಂದು ಮಾತು ನಿಜವಾಗಿದ್ದರೆ ಈ ಕೆಲಸ, ಇಲ್ಲದಿದ್ದರೆ ಆ ಕೆಲಸ. ಇದಕ್ಕೆ ಅವರು ಉದಾಹರಣೆ ಹುಡುಕಬೇಕಾಗಿರಲಿಲ್ಲ, ಬಾಗಿಲಲ್ಲಿ ಕೈ ಅಡ್ಡ ಹಿಡಿದ ನಾದಿನಿ ಸಾಕಾಗಿತ್ತು. ಹೆಸರು ಖಾಲಿ ಇದ್ದರೆ ಪ್ರೋಗ್ರಾಮ್ “ಹೆಸರ ಹೇಳೂತನಾ ಒಳಗ ಬಿಡೂದಿಲ್ಲ” ಎನ್ನುತ್ತದೆ. ಇಲ್ಲದಿದ್ದರೆ ಒಡಪು ತೋರಿಸುತ್ತದೆ. ಸಮ ಚಿಹ್ನೆ ಒಂದು ಹಾಕಿದರೆ ಇಟ್ಟುಕೋ ಎಂದು ಅರ್ಥ, ಎರಡು ಹಾಕಿದರೆ ಅದೂ ಇದೂ ಒಂದೇ ಏನು ಎಂದು ಕೇಳಿದಂತೆ. ಒಳಗೆ ನಡೆಯಬೇಕಾದ ಸಾಲನ್ನು ಬಲಕ್ಕೆ ಸರಿಸಿ ಬರೆಯಬೇಕು, ಹೊಸ್ತಿಲು ದಾಟಿದ ಹಾಗೆ.

ಬ್ಯಾಚಿನ ಹೆಣ್ಣುಮಕ್ಕಳು ಸೋಲುವವರಲ್ಲ. ಸ್ಪೇಸ್ ಒತ್ತಿ ಎಂಟರ್ ಒತ್ತಿದರು. ನಮಗೆ ಅದು ಖಾಲಿ, ಯಂತ್ರಕ್ಕೆ ಅಲ್ಲ. ಅದು ಬಾಗಿಲು ತೆರೆಯಿತು. ಆಗ ಅವರು ಸ್ಟ್ರಿಪ್ ಕಲಿಸಿದರು. ಪಠ್ಯದ ಎರಡೂ ತುದಿಯ ಖಾಲಿ ಜಾಗ ತೆಗೆದುಹಾಕುವ ಆಜ್ಞೆ. ಬೆಂಡೆಕಾಯಿಯ ತೊಟ್ಟು, ತುದಿ ತೆಗೆದಂತೆ, ನಡುವಿನದನ್ನು ಮುಟ್ಟುವುದಿಲ್ಲ ಎಂದು ನಾನು ಹೇಳಿಕೊಟ್ಟ ಹೋಲಿಕೆಯನ್ನು ಕ್ಲಾಸಿನಲ್ಲಿ ತಮ್ಮದೇ ಎಂಬಂತೆ ಹೇಳಿಬಂದರು. ಆ ದಾರಿ ಮುಚ್ಚಿದ ಮೇಲೆ ಒಬ್ಬಳು ‘ಅವರು’ ಎಂದು ಹಾಕಿದಳು, ಒಬ್ಬಳು ‘ನಮ್ಮನಿಯವರು’ ಎಂದು ಹಾಕಿದಳು. ಅವಕ್ಕೆಲ್ಲ ಒಂದೊಂದು ಷರತ್ತು ಸೇರಿತು. ಯಂತ್ರ ಮೇಲಿನಿಂದ ಕೆಳಗೆ ನೋಡುತ್ತ ಬರುತ್ತದೆ, ಯಾವುದು ಮೊದಲು ನಿಜವಾಯಿತೋ ಅಲ್ಲಿಗೆ ನಿಲ್ಲುತ್ತದೆ.

“ಇವತ್ತ ಒಬ್ಬಾಕಿ ಏನ್ ಹಾಕ್ಯಾಳ ಗೊತ್ತೇನು?” ಎಂದು ಒಂದು ಸಂಜೆ ಚಪ್ಪಲಿ ಬಿಡುವ ಮೊದಲೇ ಹೇಳಿದರು. “‘ನಮ್ಮತ್ತಿ ಮಗ’ ಅಂತ ಹಾಕ್ಯಾಳ. ನಮ್ಮತ್ತಿ ಮಗ ರಾಯರು ಬಂದ್ರು ಬಿಳೀ ಅಂಗಿ ತೊಟ್ಟು.”

“ಖರೆ ಐತಲ್ರಿ, ಸುಳ್ಳೇನು ಹೇಳಿಲ್ಲ.”

“ನಿಮಗ ಯಾವ ಷರತ್ತೂ ಸಾಲೂದಿಲ್ಲ” ಎಂದು ನಗುತ್ತ ಅಂಗಳದಲ್ಲಿ ಕಾಲು ತೊಳೆದರು.

ಈಗ ಆ ಬೆಂಡೆಕಾಯಿಯ ಸಂಜೆಗೆ ಬರುತ್ತೇನೆ. ಅವರು ನನಗೋಸ್ಕರ ಬೇರೆಯೇ ಒಂದು ಪ್ರೋಗ್ರಾಮ್ ಬರೆದಿದ್ದರು. ಅದಕ್ಕೆ ಯಾವುದೋ ಹೆಸರು ನಡೆಯುವುದಿಲ್ಲ. ಟೈಪ್ ಮಾಡಿದ್ದು ಅವರ ಹೆಸರಿಗೇ ಸರಿಸಮ ಇರಬೇಕು. ಬೇರೆ ಏನೇ ಹಾಕಿದರೂ ಒಳಗೆ ಬಿಡುವುದಿಲ್ಲ. ಕೈ ಒರೆಸಿಕೊಂಡು ಬಂದು ನೋಡಿದೆ. ಹೆಸರು ಸರಿಯಾದರೆ ಏನಾಗುತ್ತದೆ ಎಂಬ ಜಾಗದಲ್ಲಿ ‘ಪಾಸ್’ ಎಂದು ಒಂದೇ ಪದ ಇತ್ತು.

“ಇದೇನ್ರಿ?”

“ಏನೂ ಮಾಡಬ್ಯಾಡ ಅಂತ. ಅಲ್ಲಿ ಪೂರಾ ಖಾಲಿ ಬಿಟ್ರ ಅದು ನಡಿಯೂದಿಲ್ಲ. ಬಸ್ಸಿನ ಖಿಡಕಿಯಾಗಿಂದ ಟಾವೆಲ್ ಒಗದು ಸೀಟ್ ಹಿಡೀತೀನಲ್ಲ, ಹಂಗ. ಆಮ್ಯಾಲ ಬಂದು ಕುಂಡ್ರಾಕ.”

“ಮತ್ತ ಈಗಽ ಬರೀಬೇಕಿತ್ತು.”

“ಈಗ ಬರದ್ರ ನೀ ಕಳ್ಳಿ, ಹೆಸರ ಹಾಕದಽ ಫೈಲ್ ತಗದು ಓದ್ತಿ. ನೀ ಹೆಸರ ಹಾಕು, ಅವತ್ತ ಬರೀತೀನಿ.”

ನಾನು ಬಾಗಿ ಸ್ಪೇಸ್ ಒತ್ತಿ ಎಂಟರ್ ಒತ್ತಿದೆ. ಹೆಸರು ಹೇಳುವವರೆಗೆ ಒಳಗೆ ಬಿಡುವುದಿಲ್ಲ ಎಂದು ಬಂತು. ಅವರು ತಲೆ ಹಿಂದಕ್ಕೆ ಗೋಡೆಗೆ ಆನಿಸಿ ನಕ್ಕರು. ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಿತ್ತು, ನಾನು ಓಡಿದೆ. ಉಂಡೆವು. ಪಲ್ಯಕ್ಕೆ ಉಪ್ಪು ಕಡಿಮೆ ಎಂದರು.

ಬೆಳಿಗ್ಗೆ ಉಳಿದ ಪಲ್ಯ, ರೊಟ್ಟಿ ಡಬ್ಬಿಗೆ ಹಾಕಿ ಕೊಟ್ಟೆ. ಅವರು ಎಂದಿನ ಬಸ್ಸಿಗೆ ಹೋದರು. ನಾನು ಬಟ್ಟೆ ನೆನೆಸುತ್ತಿದ್ದಾಗ ಕ್ಲಾಸಿನ ಕೆಳಗಿನ ಬಟ್ಟೆ ಅಂಗಡಿಯ ಕಾಕಾ ಫೋನ್ ಮಾಡಿದರು. “ತಂಗಿ, ಸರ ಮೆಟ್ಟಲ ಮ್ಯಾಲ ಕುಂತಾರ, ಏಳವಲ್ರು. ನೀ ಬರ್ತೀಯೇನು?” ನಾನು ಗೋಕಾಕ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಎದೆ ನಿಂತಿತ್ತು ಎಂದರು. ಆ ಸಂಜೆಯೇ ಹೊಲದಲ್ಲಿ ಮಣ್ಣು ಕೊಟ್ಟು ಬಂದರು. ಎಷ್ಟೋ ದಿನಗಳ ಮೇಲೆ ಕಾಕಾ ಡಬ್ಬಿಯನ್ನು ತೊಳೆದು ಕಳಿಸಿದರು. ಒಳಗಿದ್ದದ್ದನ್ನು ಯಾರು ತಿಂದರು, ಯಾರು ಚೆಲ್ಲಿದರು ಎಂದು ನಾನು ಕೇಳಲಿಲ್ಲ.

ಬಂದವರೆಲ್ಲ ಹೋದ ಮೇಲೆ ಮನೆಯಲ್ಲಿ ಕುಕ್ಕರ್ ಸೀಟಿಯೇ ದೊಡ್ಡ ಸದ್ದಾಯಿತು. ಅದು ನಿಂತ ಮೇಲೆ ಮತ್ತೆ ಮೊದಲಿನಿಂದ ಓದುವ ದನಿಗೆ ಕಿವಿ ಕಾಯುತ್ತಿತ್ತು. ಕೆಲವು ದಿನ ಕುಕ್ಕರ್ ಬಿಟ್ಟು ಬೋಗುಣಿಯಲ್ಲಿ ಬೇಳೆ ಬೇಯಿಸಿದೆ.

ಮಧ್ಯಾಹ್ನದ ಬ್ಯಾಚಿನ ಹೆಣ್ಣುಮಕ್ಕಳು ಒಂದು ದಿನ ಮೂಡಲಗಿಗೆ ಬಂದರು. ಅತ್ತೆಯ ಮಗ ಎಂದು ಹಾಕಿದವಳೂ ಇದ್ದಳು. ಅವಳೇ ಎಂದು ಅವಳು ಹೇಳದೆಯೇ ನನಗೆ ಗೊತ್ತಾಯಿತು. ಚಹಾ ಕುಡಿದರು. ಎದ್ದು ನಿಂತ ಮೇಲೆ ಅವಳೇ ಮಾತು ತೆಗೆದಳು.

“ವೈನೀ, ಅರ್ಧಕ್ಕ ನಿಂತೈತ್ರಿ. ಮುಂದಿಂದು ನೀವಽ ಹೇಳಿಕೊಡ್ರಿ.”

“ನನಗೇನು ಬರತೈತಿ?”

“ಸರ ದಿನಾ ಹೇಳ್ತಿದ್ರು, ಇದು ಮೊದಲ ನಮ್ಮ ಮನ್ಯಾಗ ಪಾಸಾಗಿ ಬಂದೈತಿ ಅಂತ.”

ಹುಡುಗರು ಬೇರೆ ಕ್ಲಾಸಿಗೆ ಸೇರಿದ್ದರು. ಮಧ್ಯಾಹ್ನದ ಬ್ಯಾಚು ಉಳಿಯಿತು. ಈಗ ನಾನು ಆ ಮೆಟ್ಟಿಲು ಹತ್ತುತ್ತೇನೆ. ಅತ್ತಿಗೆಯೆಂದು ವೈನಿ ಎನ್ನುತ್ತಿದ್ದವರು, ಟೀಚರಿಗೆ ಅನ್ನುವಂತೆ ಅಕ್ಕಾರ ಎನ್ನುತ್ತಾರೆ. ಕ್ಲಾಸಿಗೆ ಹೊರಟ ದಿನ ಬಸ್ಸಿನಲ್ಲಿ ನಿಂತೇ ಹೋಗುತ್ತೇನೆ, ಖಿಡಕಿಯಿಂದ ಟಾವೆಲ್ ಒಗೆಯುವುದು ನನಗೆ ಇನ್ನೂ ಬರುವುದಿಲ್ಲ. ಪಾಠ ಹೇಳುವಾಗ ಅವರ ಮಾತೇ ನನ್ನ ಬಾಯಿಂದ ಬರುತ್ತದೆ. ಸೊನ್ನೆಗೆ ಬಸ್‌ಸ್ಟ್ಯಾಂಡ್, ಎಣಿಕೆಗೆ ಹುಕ್ಕೇರಿ. ತಪ್ಪು ಬಂದಾಗ ಮಾತ್ರ ಕಷ್ಟ. ಯಾರನ್ನು ಕೇಳಬೇಕೆಂದು ತಿರುಗಿ ನೋಡುತ್ತೇನೆ.

ಈ ನಡುವೆ ಹುಕ್ಕೇರಿಯಲ್ಲಿ ನನ್ನ ತಮ್ಮನ ಮಗನ ಮದುವೆಯಾಯಿತು. ಹೊಸ ಸೊಸೆ ಬಾಗಿಲಿಗೆ ಬಂದಾಗ ಹೆಣ್ಣುಮಕ್ಕಳೆಲ್ಲ ಹೊಸ್ತಿಲ ಒಳಗೆ ಸಾಲಾಗಿ ನಿಂತರು. ನಾನೂ ನಿಂತೆ. ಹುಡುಗಿ ಒಂದೇ ಉಸಿರಿಗೆ ಒಡಪು ಹೇಳಿ ಒಳಗೆ ಬಂದಳು. ಈಗಿನ ಹುಡುಗಿಯರಿಗೆ ನಾಚಿಕೆಯಿಲ್ಲ ಎಂದು ಯಾರೋ ಚೇಷ್ಟೆ ಮಾಡಿದರು. ಆಮೇಲೆ ಒಬ್ಬೊಬ್ಬರಿಗೂ ಒಡಪು ಹೇಳಲು ಗಂಟು ಬಿದ್ದರು. “ನೀ ಹೇಳು, ಮುಂದ ನಿನ್ನ ಪಾಳಿ” ಎಂದು ಸಾಲು ನನ್ನ ಕಡೆ ಬರುತ್ತಿತ್ತು. ಹಿಂದೆಲ್ಲ ನನ್ನ ಪಾಳಿ ಬಂದಾಗ ನಾನು ತಪ್ಪಿಸಿಕೊಂಡು ಹಿತ್ತಲಿಗೆ ಓಡುತ್ತಿದ್ದೆ, ಕೈ ಹಿಡಿದು ಎಳೆದು ತರುತ್ತಿದ್ದರು. ಅವತ್ತು ನನ್ನ ಪಕ್ಕದವಳು ಹೇಳಿ ಮುಗಿಸಿದಳು. ತಮ್ಮನ ಹೆಂಡತಿಯ ಕೈ ನನ್ನನ್ನು ದಾಟಿ ಆಚೆಯವಳ ಕಡೆ ಹೋಯಿತು.

“ಅಕ್ಕಾ, ಒಳಗ ಸ್ವಲ್ಪ ಪಲ್ಯಾ ನೋಡ್ತೀಯೇನು?” ಎಂದಳು ಮೆಲ್ಲಗೆ.

ನನಗೆ ನೋವಾಗಬಾರದೆಂದೇ ಅವಳು ಹಾಗೆ ಮಾಡಿದ್ದು. ಒಳಗೆ ಹೋದೆ. ಪಲ್ಯ ಎಂದೋ ಇಳಿಸಿಟ್ಟಿದ್ದರು. ಅದರ ಮುಚ್ಚಳ ತೆಗೆದು, ಮುಚ್ಚಿ, ಅಲ್ಲೇ ನಿಂತು ಹೊರಗಿನ ಒಡಪು ಕೇಳಿದೆ. ಒಂದು ಷರತ್ತಿನ ಹೊರಗೆ ಇನ್ನೊಂದು ಷರತ್ತು ಇರಬಹುದು ಎಂದು ನಾನು ಬ್ಯಾಚಿಗೆ ಹೇಳಿಕೊಟ್ಟಿದ್ದೆ. ಹೊರಗಿನದು ಸುಳ್ಳಾದರೆ ಯಂತ್ರ ಒಳಗಿನದನ್ನು ಕೇಳುವುದೇ ಇಲ್ಲ. ಹೆಸರು ಹೇಳುತ್ತೀಯೋ ಇಲ್ಲವೋ ಎಂದು ನನ್ನನ್ನು ಇನ್ನು ಯಾರೂ ಕೇಳುವುದಿಲ್ಲ ಎಂದು ಆ ಅಡುಗೆಮನೆಯಲ್ಲಿ ತಿಳಿಯಿತು.

ಮರುದಿನ ಮೂಡಲಗಿಗೆ ಬಂದು, ಮಧ್ಯಾಹ್ನದ ಊಟಕ್ಕೂ ಮೊದಲೇ ಲ್ಯಾಪ್‌ಟಾಪ್ ತೆಗೆದೆ. ಅವರು ಕುಳಿತಿದ್ದ ಜಾಗದಲ್ಲೇ ಕುಳಿತೆ. ಪ್ರೋಗ್ರಾಮ್ ಓಡಿಸಿದೆ. “ಹೆಸರ ಹೇಳ್ರಿ” ಎಂದಿತು. ನಡೆದದ್ದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ. ಎಲ್ಲ ಹೆಂಗಸರನ್ನು ಕೇಳುವಂತೆ ನನ್ನನ್ನೂ ಕೇಳಿತು.

ಅವರ ಹೆಸರು ಟೈಪ್ ಮಾಡಿದೆ. ನನ್ನ ಬೆರಳಿಗೆ ಆ ಹೆಸರಿನ ದಾರಿ ಗೊತ್ತಿರಲಿಲ್ಲ. ಒಂದು ದೀರ್ಘ ತಪ್ಪಿತು. ಒಳಗೆ ಬಿಡುವುದಿಲ್ಲ ಎಂದಿತು. ಮತ್ತೆ ಮೆಲ್ಲಗೆ ಟೈಪ್ ಮಾಡಿದೆ, ಬಾಯಲ್ಲೂ ಹೇಳಿಕೊಂಡೆ. ಮನೆಯಲ್ಲಿ ಆ ಹೆಸರು ನನ್ನ ದನಿಯಲ್ಲಿ ಕೇಳಿದ್ದು ಮದುವೆಯ ದಿನದ ನಂತರ ಅದೇ ಮೊದಲು. ಎಂಟರ್ ಒತ್ತಿದೆ.

ಏನೂ ಬರಲಿಲ್ಲ. ಬೈಗುಳ ಬರಲಿಲ್ಲ, ತಪ್ಪಿದೆ ಎಂಬ ಕೆಂಪು ಸಾಲೂ ಬರಲಿಲ್ಲ. ಕರ್ಸರ್ ಒಂದು ಸಾಲು ಕೆಳಗೆ ಇಳಿದು ಮಿಣುಕುತ್ತಿತ್ತು. ಅಲ್ಲಿ ಪಾಸ್ ಇದೆ ಎಂದು ನನಗೆ ಮೊದಲೇ ಗೊತ್ತಿತ್ತು. ಆದರೂ ಸ್ವಲ್ಪ ಹೊತ್ತು ಕಾದೆ.

ಕ್ಲಾಸಿನಲ್ಲಿ ಪಾಸ್ ಹೇಳಿಕೊಡುವ ದಿನ ನನ್ನ ಈ ಪ್ರೋಗ್ರಾಮಿನ ಮಾತು ಬಂತು. ಅತ್ತೆಯ ಮಗ ಎಂದು ಹಾಕಿದವಳು, “ಅಕ್ಕಾರ, ನೀವಽ ಒಂದ ಸಾಲ ಬರೀರಲ್ಲ” ಎಂದಳು. ಮನೆಗೆ ಬಂದು ಬರೆದು ನೋಡಿದೆ. ‘ಬಾ ಒಳಗ’ ಎಂದು ಬರೆದೆ. ಓಡಿಸಿದೆ. ಹೆಸರು ಹಾಕಿದೆ, ಬಾ ಒಳಗ ಎಂದಿತು. ಅದು ನಾನು ಬರೆದದ್ದು, ನನಗೇ ತಿರುಗಿ ಬಂತು. ಅಳಿಸಿ ಪಾಸ್ ಎಂದೇ ಹಾಕಿ ಇಟ್ಟೆ.

ಪ್ರೋಗ್ರಾಮ್ ಈಗಲೂ ಓಡುತ್ತದೆ. ಖಾಲಿ ಬಿಟ್ಟರೂ ತಪ್ಪು ಹೆಸರು ಹಾಕಿದರೂ ಹೊರಗೆ ನಿಲ್ಲಿಸುತ್ತದೆ. ಸರಿಯಾದ ಹೆಸರು ಹಾಕಿದಾಗ ಅವರು ನನಗೆ ಹೇಳಬೇಕೆಂದಿದ್ದ ಸಾಲು ಅದರಲ್ಲಿ ಇಲ್ಲ.